ಇನ್ಸುಲಿನ್‌ಗೆ ಬಗ್ಗದ ಸಕ್ಕರೆ: ನಾಯಿಗಳಲ್ಲಿ ಮಧುಮೇಹದ ಜೊತೆ ಹಾರ್ಮೋನು ಕಾಯಿಲೆಗಳು ಕೂಡಿ ಬರುವ ಬಗ್ಗೆ ಒಂದು ಟಿಪ್ಪಣಿ

ಮಧ್ಯವಯಸ್ಸಿನ ಮನುಷ್ಯರಲ್ಲಿ ನಾವು ದಿನವೂ ಕಾಣುವ ಸಕ್ಕರೆ ಕಾಯಿಲೆಯೇ ಬೇರೆ, ನಾಯಿಯದೇ ಬೇರೆ. ನಾಯಿಯ ಕಾಯಿಲೆ ಮಾತ್ರೆಗೆ, ಪಥ್ಯಕ್ಕೆ, ಓಡಾಟಕ್ಕೆ ಬಗ್ಗುವುದಿಲ್ಲ. ರೋಗ ಗೊತ್ತಾಗುವ ಹೊತ್ತಿಗೆ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಬಹುಮಟ್ಟಿಗೆ ನಾಶವಾಗಿರುತ್ತವೆ. ಹಾಗಾಗಿ ಹೆಚ್ಚುಕಡಿಮೆ ಎಲ್ಲ ನಾಯಿಗಳಿಗೂ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಲೇಬೇಕು. ಕಿಲೋ ತೂಕಕ್ಕೆ 0.25 ಯೂನಿಟ್‌ನಿಂದ ಶುರುಮಾಡಿ, ನಿಧಾನವಾಗಿ ಏರಿಸುತ್ತ ಹೋಗುವುದು ವಾಡಿಕೆ. ಬಹಳಷ್ಟು ನಾಯಿಗಳು ಕಿಲೋಗೆ ಅರ್ಧ ಯೂನಿಟ್ಟಿನ ಆಸುಪಾಸಿನಲ್ಲಿ ಒಂದು ಹದಕ್ಕೆ ಬಂದು ನಿಲ್ಲುತ್ತವೆ.

ಈ ಟಿಪ್ಪಣಿ ಹಾಗೆ ಹದಕ್ಕೆ ಬಾರದ ನಾಯಿಗಳನ್ನು ಕುರಿತದ್ದು. ಡೋಸು ಒಂದಾಯಿತು, ಒಂದೂವರೆಯಾಯಿತು. ಆದರೂ ರಕ್ತದ ಸಕ್ಕರೆ 300 ಮಿಲಿಗ್ರಾಂನಿಂದ ಕೆಳಗಿಳಿಯುತ್ತಿಲ್ಲ, ನಾಯಿ ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ. ಹೊತ್ತಿಗೆ ಕಿಲೋಗೆ 1.5 ಯೂನಿಟ್ ದಾಟಿದ ಮೇಲೂ ಸಕ್ಕರೆ ಇಳಿಯದಿದ್ದರೆ ಅದನ್ನು ಇನ್ಸುಲಿನ್ ಪ್ರತಿರೋಧ ಎಂದು ಶಂಕಿಸಬೇಕೆಂಬುದು ಪಶುವೈದ್ಯರ ನಡುವೆ ಒಪ್ಪಿತವಾದ ಮಾತು. ಈ ಹಂತದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇನ್ನೆಷ್ಟು ಏರಿಸಬೇಕು ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಇನ್ಸುಲಿನ್ನಿಗೆ ಎದುರು ನಿಂತಿರುವ ಹಾರ್ಮೋನು ಯಾವುದು ಎಂದು. ಆ ಹಾರ್ಮೋನನ್ನು ಹಿಡಿಯುವ ಪ್ರಯೋಗಾಲಯದ ಪರೀಕ್ಷೆಗಳು ಸಕ್ಕರೆ ಹತೋಟಿ ತಪ್ಪಿದ ನಾಯಿಯಲ್ಲಿಯೇ ಹೆಚ್ಚು ದಾರಿ ತಪ್ಪಿಸುತ್ತವೆ. ಆದ್ದರಿಂದ ಇಂಥ ಕಡೆ ರಿಪೋರ್ಟಿನ ಅಂಕಿಗಿಂತ ನಾಯಿಯ ಚರ್ಮ, ಹೊಟ್ಟೆ, ಹಿಂದಿನ ಔಷಧಿ ಚೀಟಿ ಇವುಗಳ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ವಾದ.

ಹಾರ್ಮೋನಿನ ಮಾತಿಗೆ ಮುಂಚೆ ಸಿರಿಂಜಿನ ಮಾತು ಮುಗಿಸಿಬಿಡುವುದು ಒಳ್ಳೆಯದು. ನಮ್ಮಲ್ಲಿ ಬಹಳಷ್ಟು ನಾಯಿಗಳಿಗೆ ಹಾಕುವುದು ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವ ಇನ್ಸುಲಿನ್ನನ್ನೇ. ವಯಲ್‌ನಲ್ಲಿ ಬರುವುದು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟಿನದು. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಇರುವುದು 100ರದು. ಸಿರಿಂಜುಗಳೂ ಹಾಗೆಯೇ, ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ವಯಲ್‌ನಿಂದ ಕಿತ್ತಳೆ ಮುಚ್ಚಳದ ಸಿರಿಂಜಿಗೆ ಹತ್ತನೇ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್. ಅದೇ 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತನೇ ಗೆರೆಗೆ ಎಳೆದರೆ ಇಪ್ಪತ್ತೈದು ಯೂನಿಟ್ ಆಗುತ್ತದೆ, ಸಣ್ಣ ನಾಯಿಯಾದರೆ ಪ್ರಾಣಕ್ಕೇ ಸಂಚಕಾರ. ಜೊತೆಗೆ ಫ್ರಿಜ್ಜಿನ ಐಸು ಕಟ್ಟುವ ಭಾಗದಲ್ಲಿ ಇಟ್ಟು ಕೆಟ್ಟ ವಯಲ್, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ, ದಟ್ಟ ಕೂದಲ ನಡುವೆ ಚರ್ಮ ತಾಗದೆ ಹೊರಗೇ ಚೆಲ್ಲಿಹೋದ ಮದ್ದು, ಇವೂ ಇವೆ. ಮನೆಯವರು ಸಿರಿಂಜು ತುಂಬಿ ಚುಚ್ಚುವುದನ್ನು ವೈದ್ಯರು ಒಮ್ಮೆ ಕಣ್ಣಾರೆ ನೋಡುವುದು ಯಾವ ದುಬಾರಿ ಪರೀಕ್ಷೆಗಿಂತಲೂ ಮೊದಲು ಆಗಬೇಕಾದ ಕೆಲಸ. ಅದೆಲ್ಲ ಸರಿಯಿದೆ ಎಂದಾದ ಮೇಲೆ ಉಳಿಯುವುದು ನಿಜವಾದ ಪ್ರತಿರೋಧ. ಮೂತ್ರದ ಸೋಂಕು, ಹಲ್ಲಿನ ಬುಡದ ಕೀವು, ಮೇದೋಜೀರಕದ ಉರಿಯೂತ ಕೂಡ ಅದಕ್ಕೆ ಕಾರಣವಾಗಬಲ್ಲವು. ಇಲ್ಲಿ ಅವನ್ನು ಬದಿಗಿಟ್ಟು ಹಾರ್ಮೋನುಗಳಿಗೆ ಬರುತ್ತೇನೆ.

ಅವುಗಳಲ್ಲಿ ಮೊದಲು ನಿಲ್ಲುವುದು ಕಾರ್ಟಿಸೋಲ್. ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲನ್ನು ಅಳತೆ ಮೀರಿ ಸುರಿಸುವ ಸ್ಥಿತಿಗೆ ಕುಶಿಂಗ್ ಕಾಯಿಲೆ ಎಂದು ಹೆಸರು. ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಮನುಷ್ಯರಲ್ಲಿ ಇದನ್ನು ಪಿಟ್ಯುಟರಿಯ ಸಣ್ಣ ಗಂಟುಗಳಿಗೆ ತಳುಕು ಹಾಕಿ ಬರೆದದ್ದು 1932ರಲ್ಲಿ. ಮನುಷ್ಯರಲ್ಲಿ ಅಪರೂಪವಾದ ಈ ಕಾಯಿಲೆ ವಯಸ್ಸಾದ ನಾಯಿಗಳಲ್ಲಿ ಸಾಕಷ್ಟು ಸಾಮಾನ್ಯ. ಶೇಕಡ 80–85ರಷ್ಟು ನಾಯಿಗಳಲ್ಲಿ ಮೂಲ ಇರುವುದು ಮಿದುಳಿನ ಬುಡದ ಪಿಟ್ಯುಟರಿಯಲ್ಲಿ; ಉಳಿದವುಗಳಲ್ಲಿ ಅಡ್ರಿನಲ್ಲಿನಲ್ಲೇ ಗೆಡ್ಡೆ. ಹೆಚ್ಚಾದ ಕಾರ್ಟಿಸೋಲ್ ಸ್ನಾಯುವಿನ ಪ್ರೋಟೀನನ್ನು ಕರಗಿಸಿ ಯಕೃತ್ತಿನಲ್ಲಿ ಹೊಸದಾಗಿ ಸಕ್ಕರೆ ಮಾಡಿಸುತ್ತದೆ, ಸ್ನಾಯು ಮತ್ತು ಕೊಬ್ಬಿನ ಕೋಶಗಳು ಇನ್ಸುಲಿನ್ನಿನ ಮಾತು ಕೇಳದಂತೆ ಮಾಡುತ್ತದೆ. ಬೀಟಾ ಕೋಶಗಳು ಎರಡು ಪಾಳಿ ದುಡಿದು ಸರಿತೂಗಿಸುವಷ್ಟು ಕಾಲ ಸಕ್ಕರೆ ನೆಟ್ಟಗಿರುತ್ತದೆ. ಅವು ಸೋತ ದಿನ ಕುಶಿಂಗ್ ನಾಯಿ ಮಧುಮೇಹಿಯೂ ಆಗುತ್ತದೆ. ಎಲ್ಲ ಕುಶಿಂಗ್ ನಾಯಿಗಳಿಗೂ ಹೀಗಾಗುವುದಿಲ್ಲ. ಆಗುವುದು ಹತ್ತರಲ್ಲಿ ಒಂದರ ಆಸುಪಾಸು.

ತಿರುಗಿಸಿ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ 1993ರಿಂದ 1998ರವರೆಗೆ ನೋಡಿದ 221 ಮಧುಮೇಹಿ ನಾಯಿಗಳ ದಾಖಲೆಗಳನ್ನು ರೆಬೆಕಾ ಹೆಸ್ ಮತ್ತು ಜೊತೆಗಾರರು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಶೇಕಡ 23ಕ್ಕೆ ಕುಶಿಂಗ್ ಇತ್ತು, ಶೇಕಡ 21ಕ್ಕೆ ಮೂತ್ರದ ಸೋಂಕಿತ್ತು, ಶೇಕಡ 13ಕ್ಕೆ ಮೇದೋಜೀರಕದ ಉರಿಯೂತವಿತ್ತು. ಈ 23 ಎಂಬ ಅಂಕಿ ಅಲ್ಲಿಂದ ಮುಂದೆ ಪಠ್ಯಪುಸ್ತಕಗಳಲ್ಲಿ ಊರೂರು ಸುತ್ತಿದೆ. ಆದರೆ ಅದು ದೊಡ್ಡಾಸ್ಪತ್ರೆಯ ಅಂಕಿ. ಊರಿನ ಡಾಕ್ಟರ ಕೈಯಲ್ಲಿ ಹದಕ್ಕೆ ಬಂದ ನಾಯಿ ವಿಶ್ವವಿದ್ಯಾಲಯದ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹತ್ತುವುದು ಬಗ್ಗದ ನಾಯಿ. ಜೊತೆಗೆ, ಸಕ್ಕರೆ ಏರಿದ ನಾಯಿಯಲ್ಲಿ ಕುಶಿಂಗ್ ಪರೀಕ್ಷೆ ಸುಳ್ಳು ಹೇಳುವ ಸಂಭವವೂ ಇದೆ, ಅದನ್ನು ಮುಂದೆ ನೋಡೋಣ. ಆದ್ದರಿಂದ ಸಾಮಾನ್ಯ ಕ್ಲಿನಿಕ್ಕಿಗೆ ಬರುವ ಪ್ರತಿ ನಾಲ್ಕನೇ ಮಧುಮೇಹಿ ನಾಯಿಗೆ ಕುಶಿಂಗ್ ಇರುತ್ತದೆ ಎಂದು ಈ ಅಧ್ಯಯನದಿಂದ ತೀರ್ಮಾನಿಸುವುದು ಅವಸರವಾಗುತ್ತದೆ. ಬಗ್ಗದ ನಾಯಿಯನ್ನು ಎದುರಿಗಿಟ್ಟುಕೊಂಡಾಗ ಮಾತ್ರ ಈ ಅಂಕಿಗೆ ಬೆಲೆ.

ಇನ್ಸುಲಿನ್ನಿಗೆ ಎದುರು ನಿಲ್ಲುವ ಶಕ್ತಿಯೊಂದು ದೇಹದಲ್ಲೇ ಇದೆ ಎಂದು ತಿಳಿದದ್ದರಲ್ಲೂ ನಾಯಿಗಳ ಪಾಲು ದೊಡ್ಡದು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕವನ್ನು ಪೂರ್ತಿ ತೆಗೆದರು. ಮನೆಯ ಶಿಸ್ತು ಕಲಿತಿದ್ದ ಆ ನಾಯಿ ಪ್ರಯೋಗಾಲಯದ ನೆಲದ ಮೇಲೆಲ್ಲ ಮೂತ್ರ ಮಾಡತೊಡಗಿತು. ಮಿಂಕೋವ್‌ಸ್ಕಿ ಪರೀಕ್ಷಿಸಿದಾಗ ಆ ಮೂತ್ರದಲ್ಲಿ ಶೇಕಡ 12ರಷ್ಟು ಸಕ್ಕರೆ. ಮಧುಮೇಹದ ಮನೆ ಮೇದೋಜೀರಕದಲ್ಲಿದೆ ಎಂದು ಅಲ್ಲಿಗೆ ಖಚಿತವಾಯಿತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದೇ ಬಗೆಯ ನಾಯಿಗಳ ಮೇಲೆ ತಮ್ಮ ಸಾರವನ್ನು ಪ್ರಯೋಗಿಸಿ ಇನ್ಸುಲಿನ್ ಪಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಗೊತ್ತಿಲ್ಲದ ಕಥೆ ನಡೆದದ್ದು ಬ್ಯೂನಸ್ ಐರಿಸ್‌ನಲ್ಲಿ. ಅಲ್ಲಿನ ಶರೀರಶಾಸ್ತ್ರಜ್ಞ ಬರ್ನಾರ್ಡೊ ಉಸ್ಸಾಯ್, ಬಿಯಾಸೊಟ್ಟಿ ಎಂಬ ಸಹೋದ್ಯೋಗಿಯ ಜೊತೆ, ಮೊದಲು ನೆಲಗಪ್ಪೆಗಳಲ್ಲಿ, ಆಮೇಲೆ ನಾಯಿಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಮೇದೋಜೀರಕ ತೆಗೆದ ನಾಯಿಗೆ ಘೋರ ಮಧುಮೇಹ ಬರುತ್ತದೆ. ಅದೇ ನಾಯಿಯ ಪಿಟ್ಯುಟರಿಯನ್ನೂ ತೆಗೆದುಬಿಟ್ಟರೆ ಮಧುಮೇಹ ಅರ್ಧಕ್ಕರ್ಧ ಸೌಮ್ಯವಾಗುತ್ತದೆ, ಕೆಲವೊಮ್ಮೆ ಮೂತ್ರದಲ್ಲಿ ಸಕ್ಕರೆಯೇ ಕಾಣುವುದಿಲ್ಲ. ಪಿಟ್ಯುಟರಿಯ ಮುಂಭಾಗದ ಸಾರವನ್ನು ಚುಚ್ಚಿದರೆ ಮತ್ತೆ ಏರುತ್ತದೆ. 1930ರ ಸುಮಾರಿಗೆ ಪ್ರಕಟವಾದ ಈ ಕೆಲಸದಿಂದ ‘ಉಸ್ಸಾಯ್ ನಾಯಿ’ ಎಂಬ ಹೆಸರೇ ಶರೀರಶಾಸ್ತ್ರದಲ್ಲಿ ನಿಂತಿತು. ಮಧುಮೇಹ ಎಂದರೆ ಇನ್ಸುಲಿನ್ನಿನ ಕೊರತೆ ಮಾತ್ರವಲ್ಲ, ಅದರ ಎದುರಾಳಿಗಳ ಜೊತೆಗಿನ ತೂಕ ತಪ್ಪುವುದೂ ಹೌದು ಎಂಬುದು ಇದರ ಹುರುಳು. 1936ರಲ್ಲಿ ಲಾಂಗ್ ಮತ್ತು ಲ್ಯೂಕೆನ್ಸ್ ಮೇದೋಜೀರಕವಿಲ್ಲದ ಬೆಕ್ಕುಗಳ ಅಡ್ರಿನಲ್ ತೆಗೆದು ಅದೇ ಫಲಿತಾಂಶ ತೋರಿಸಿದರು. ಮರುವರ್ಷ ಲಂಡನ್ನಿನಲ್ಲಿ ಎಫ್. ಜಿ. ಯಂಗ್ ಆರೋಗ್ಯವಂತ ನಾಯಿಗಳಿಗೆ ಪಿಟ್ಯುಟರಿ ಸಾರವನ್ನು ದಿನವೂ ಚುಚ್ಚಿ, ಚುಚ್ಚುವುದನ್ನು ನಿಲ್ಲಿಸಿದ ಮೇಲೂ ಹೋಗದ ಶಾಶ್ವತ ಮಧುಮೇಹ ಬರಿಸಿದರು. ಈ ಕೊನೆಯ ಸಂಗತಿ ಇಂದಿನ ವೈದ್ಯರಿಗೆ ಬಹಳ ಮುಖ್ಯ. ಎದುರಾಳಿ ಹಾರ್ಮೋನು ಸಾಕಷ್ಟು ಕಾಲ ಮೇಲುಗೈಯಾಗಿದ್ದರೆ ಬೀಟಾ ಕೋಶ ದಣಿದು ಸಾಯುತ್ತದೆ. ಆಮೇಲೆ ಎದುರಾಳಿಯನ್ನು ಓಡಿಸಿದರೂ ಹೋದದ್ದು ಬರುವುದಿಲ್ಲ.

ಉಸ್ಸಾಯ್‌ಗೆ 1947ರಲ್ಲಿ ನೊಬೆಲ್ ಬಂತು, ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿಗಳ ಜೊತೆ ಹಂಚಿಕೊಂಡದ್ದು. ಅದಕ್ಕೆ ನಾಲ್ಕು ವರ್ಷ ಮುಂಚೆ, ಪ್ರಜಾಪ್ರಭುತ್ವ ಬೇಕೆಂಬ ಮನವಿಗೆ ಸಹಿ ಹಾಕಿದರೆಂದು ಅರ್ಜೆಂಟೀನಾದ ಮಿಲಿಟರಿ ಸರ್ಕಾರ ಅವರನ್ನು ವಿಶ್ವವಿದ್ಯಾಲಯದ ಕೆಲಸದಿಂದ ತೆಗೆದಿತ್ತು. ಖಾಸಗಿ ದೇಣಿಗೆಯಲ್ಲಿ ಬೇರೊಂದು ಪ್ರಯೋಗಾಲಯ ಕಟ್ಟಿಕೊಂಡು ಅವರು ಕೆಲಸ ಮುಂದುವರಿಸಿದ್ದರು. ಮಿಂಕೋವ್‌ಸ್ಕಿಯ ಆ ನಾಯಿಯ ಪ್ರಸಂಗವನ್ನು ಮುಂದೆ 1952ರಲ್ಲಿ ಲೇಖನವಾಗಿ ಬರೆದಿಟ್ಟವರೂ ಅವರೇ.

ಎರಡನೆಯ ಎದುರಾಳಿ ಬೆಳವಣಿಗೆಯ ಹಾರ್ಮೋನು. ಇದರ ಕಥೆ ಹೆಣ್ಣುನಾಯಿಗಳಿಗೆ ಸೇರಿದ್ದು. ನಾಯಿಯ ಸಂತಾನಚಕ್ರಕ್ಕೆ ಒಂದು ವೈಶಿಷ್ಟ್ಯವಿದೆ. ಬೆದೆ ಮುಗಿದ ಮೇಲೆ, ಗಬ್ಬವಾಗಿರಲಿ ಬಿಡಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟೆರಾನ್ ಎತ್ತರದಲ್ಲೇ ಇರುತ್ತದೆ. ಆ ಪ್ರೊಜೆಸ್ಟೆರಾನ್ ನಾಯಿಯ ಸ್ತನಗ್ರಂಥಿಗಳಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುತ್ತದೆ. ಈ ಹಾರ್ಮೋನು ಬರಬೇಕಾದದ್ದು ಪಿಟ್ಯುಟರಿಯಿಂದ. ಆದರೆ ಪ್ರೊಜೆಸ್ಟೆರಾನ್ ಬಗೆಯ ಔಷಧ ಕೊಟ್ಟ ನಾಯಿಗಳಲ್ಲಿ ಏರಿದ ಹಾರ್ಮೋನಿನ ಮೂಲ ಸ್ತನಗ್ರಂಥಿ ಎಂದು ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸೆಲ್ಮನ್, ಮೋಲ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಸ್ತನಗ್ರಂಥಿಗಳನ್ನು ತೆಗೆದಾಗ ಹಾರ್ಮೋನು ಇಳಿಯಿತು. ಈ ಹಾರ್ಮೋನು ಹೆಚ್ಚಿದ ನಾಯಿಯ ಮುಖದ ತೊಗಲು ದಪ್ಪವಾಗಿ ಮಡಿಕೆ ಬೀಳುತ್ತದೆ, ಹಲ್ಲುಗಳ ನಡುವೆ ಸಂದು ಅಗಲವಾಗುತ್ತದೆ, ಗಂಟಲ ಒಳಚರ್ಮ ಊದಿ ಗೊರಕೆ ಬರುತ್ತದೆ. ಅಷ್ಟು ದೂರ ಹೋಗದ ನಾಯಿಗಳಲ್ಲೂ ಇನ್ಸುಲಿನ್ನಿಗೆ ಪ್ರತಿರೋಧ ಬರುತ್ತದೆ.

ಇದರ ಪರಿಣಾಮ ಜನಸಂಖ್ಯೆಯ ಮಟ್ಟದಲ್ಲಿ ಕಾಣುವುದು ಸ್ವೀಡನ್ನಿನಲ್ಲಿ. ಅಲ್ಲಿ ಹೆಣ್ಣುನಾಯಿಗಳಿಗೆ ಸಂತಾನಹರಣ ಮಾಡಿಸುವ ರೂಢಿ ಕಡಿಮೆ. 1995ರಿಂದ 2004ರವರೆಗೆ ವಿಮೆ ಮಾಡಿಸಿದ್ದ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆಗಳನ್ನು ತೋವೆ ಫಾಲ್ ಮತ್ತು ಜೊತೆಗಾರರು ಅಳೆದು 2007ರಲ್ಲಿ ಪ್ರಕಟಿಸಿದರು. ಮಧುಮೇಹಿಗಳಲ್ಲಿ ಶೇಕಡ 72 ಹೆಣ್ಣು. ಸ್ವೀಡಿಶ್ ಎಲ್ಕ್‌ಹೌಂಡ್ ತಳಿಯಲ್ಲಂತೂ ಬಹುತೇಕ ಎಲ್ಲವೂ ಹೆಣ್ಣುನಾಯಿಗಳೇ. ಈ ಅಧ್ಯಯನವನ್ನು ನಾನು ಪೆನ್ಸಿಲ್ವೇನಿಯಾದ ಅಧ್ಯಯನಕ್ಕಿಂತ ನಮಗೆ ಹತ್ತಿರದ್ದೆಂದು ಭಾವಿಸುತ್ತೇನೆ. ಅಮೆರಿಕದ ಸಾಕುನಾಯಿಗಳಲ್ಲಿ ಹೆಚ್ಚಿನವಕ್ಕೆ ಸಂತಾನಹರಣವಾಗಿರುತ್ತದೆ. ಬೆಂಗಳೂರು, ಮೈಸೂರಿನ ಮನೆಗಳ ಲ್ಯಾಬ್ರಡಾರ್, ಪಾಮರೇನಿಯನ್ ಹೆಣ್ಣುಗಳಲ್ಲಿ ಬಹಳಷ್ಟಕ್ಕೆ ಆಗಿರುವುದಿಲ್ಲ. ಹಾಗಿರುವಾಗ ಹೆಣ್ಣುನಾಯಿಗೆ ಸಕ್ಕರೆ ಬಂತೆಂದರೆ ಕೊನೆಯ ಬೆದೆ ಯಾವಾಗ ಬಂದಿತ್ತು ಎಂದು ಮೊದಲ ದಿನವೇ ಕೇಳಬೇಕು. ಈಚಿನ ಎರಡು ತಿಂಗಳೊಳಗೆ ಎಂಬ ಉತ್ತರ ಬಂದರೆ, ತಡಮಾಡದೆ ಅಂಡಾಶಯ ಮತ್ತು ಗರ್ಭಕೋಶ ತೆಗೆಸುವುದೇ ಚಿಕಿತ್ಸೆ. ಪ್ರೊಜೆಸ್ಟೆರಾನ್ ಇಳಿದೊಡನೆ ಬೆಳವಣಿಗೆಯ ಹಾರ್ಮೋನೂ ಇಳಿಯುತ್ತದೆ. ಬೀಟಾ ಕೋಶಗಳಲ್ಲಿ ಇನ್ನೂ ಜೀವವಿದ್ದರೆ ಮಧುಮೇಹ ಪೂರ್ತಿ ಬಿಟ್ಟುಹೋಗುವುದೂ ಉಂಟು. ನಾಯಿಗಳಲ್ಲಿ ಮಧುಮೇಹ ಬಿಟ್ಟುಹೋಗುವ ಸಂದರ್ಭ ಇದನ್ನು ಬಿಟ್ಟರೆ ತೀರಾ ವಿರಳ. ಇನ್ಸುಲಿನ್ ಸರಿಹೋಗಲಿ, ಆಮೇಲೆ ಆಪರೇಷನ್ ನೋಡೋಣ ಎಂದು ತಿಂಗಳುಗಟ್ಟಲೆ ಕಾಯುವವರು ಇದ್ದಾರೆ. ಯಂಗ್ ಅವರ ನಾಯಿಗಳನ್ನು ನೆನೆದರೆ ಈ ಕಾಯುವಿಕೆಯೇ ನಷ್ಟ. ಬೆದೆ ಬಾರದಿರಲೆಂದು ಪ್ರೊಜೆಸ್ಟೆರಾನ್ ಬಗೆಯ ಚುಚ್ಚುಮದ್ದು ಹಾಕಿಸಿದ್ದರೂ ಇದೇ ತೊಂದರೆ ಬರುತ್ತದೆಂಬುದನ್ನು ಮರೆಯಬಾರದು.

ಈಗ ಪತ್ತೆಯ ಕಷ್ಟಕ್ಕೆ ಬರೋಣ. ಕುಶಿಂಗ್ ಮತ್ತು ಮಧುಮೇಹ ಎರಡರಲ್ಲೂ ನಾಯಿ ವಿಪರೀತ ನೀರು ಕುಡಿಯುತ್ತದೆ, ವಿಪರೀತ ಮೂತ್ರ ಮಾಡುತ್ತದೆ, ಹಸಿದು ಹಸಿದು ತಿನ್ನುತ್ತದೆ. ಎರಡರಲ್ಲೂ ಯಕೃತ್ತು ದೊಡ್ಡದಾಗುತ್ತದೆ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ, ಕೊಲೆಸ್ಟ್ರಾಲ್ ಏರುತ್ತದೆ, ಮೂತ್ರದ ಸೋಂಕು ಮರಳಿ ಮರಳಿ ಬರುತ್ತದೆ. ಆದ್ದರಿಂದ ಮಾಮೂಲಿ ರಕ್ತಪರೀಕ್ಷೆಯ ಚೀಟಿ ಹಿಡಿದು ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಬೇರ್ಪಡಿಸುವುದು ಕೈ ಮತ್ತು ಕಣ್ಣು. ಬರೀ ಮಧುಮೇಹವಿರುವ ನಾಯಿ ತಿಂದೂ ಬಡಕಲಾಗುತ್ತದೆ. ಕುಶಿಂಗ್ ಸೇರಿಕೊಂಡಿದ್ದರೆ ತೊಡೆ, ಬೆನ್ನಿನ ಸ್ನಾಯು ಕರಗಿ ಹೊಟ್ಟೆ ಮಾತ್ರ ಜೋಲುತ್ತದೆ. ತಂಪು ಹೊತ್ತಿನಲ್ಲೂ ಕೂತಲ್ಲೇ ಏದುಸಿರು ಬಿಡುತ್ತದೆ. ಎರಡೂ ಪಕ್ಕೆಗಳಲ್ಲಿ ಸಮಸಮವಾಗಿ ಕೂದಲು ಉದುರುತ್ತದೆ, ತುರಿಕೆ ಇರುವುದಿಲ್ಲ. ನಾಯಿಯನ್ನು ಅಂಗಾತ ಮಲಗಿಸಿ ಹೊಟ್ಟೆಯ ಚರ್ಮವನ್ನು ಬೆರಳಲ್ಲಿ ಎತ್ತಿ ನೋಡಿದರೆ ಹಳೆಯ ರೇಷ್ಮೆ ಸೀರೆಯ ಸೆರಗಿನ ಹಾಗೆ ತೆಳ್ಳಗೆ, ನಿರ್ಜೀವವಾಗಿ, ಒಳಗಿನ ರಕ್ತನಾಳಗಳು ಕಾಣುವಂತೆ ಇರುತ್ತದೆ. ಮೊಲೆತೊಟ್ಟಿನ ಸುತ್ತ ಕಪ್ಪು ಚುಕ್ಕೆಗಳು ಕಟ್ಟಿರುತ್ತವೆ. ರಕ್ತ ತೆಗೆದ ಜಾಗದಲ್ಲಿ ನೀಲಿಗಟ್ಟಿ ದಿನಗಟ್ಟಲೆ ಉಳಿಯುತ್ತದೆ. ಕೆಲವು ನಾಯಿಗಳ ಬೆನ್ನಿನ ಮೇಲೆ, ತೊಡೆಸಂದಿಯಲ್ಲಿ ಚರ್ಮದೊಳಗೆ ಸುಣ್ಣದ ಹರಳು ಕೂತು ಬೆರಳಿಗೆ ಗರಗರ ಎನ್ನುತ್ತದೆ. ಈ ಸುಣ್ಣ ಕಂಡರೆ ಸ್ಟೆರಾಯ್ಡ್ ಹೆಚ್ಚಾಗಿದೆ ಎಂಬುದಕ್ಕೆ ಅದಕ್ಕಿಂತ ಬಲವಾದ ಚರ್ಮಸಾಕ್ಷಿ ಬೇರೆ ಬೇಡ. ಮೂತ್ರದಲ್ಲೂ ಒಂದು ಸುಳಿವಿದೆ. ಸಕ್ಕರೆ ತುಂಬಿದ ಮೂತ್ರದ ಸಾಂದ್ರತೆ ಸಾಮಾನ್ಯವಾಗಿ 1.025ರ ಮೇಲಿರುತ್ತದೆ, ಸಕ್ಕರೆ ಇದ್ದೂ 1.020ಕ್ಕಿಂತ ಕೆಳಗಿದ್ದರೆ ಕಾರ್ಟಿಸೋಲನ್ನು ಅನುಮಾನಿಸಬೇಕು.

ಹಾರ್ಮೋನು ಪರೀಕ್ಷೆಗಳ ವಿಷಯ ಬೇರೆ. ಡೆಕ್ಸಾಮೆಥಾಸೋನ್ ಪರೀಕ್ಷೆಯಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮದ್ದನ್ನು ರಕ್ತನಾಳಕ್ಕೆ ಕೊಟ್ಟು, ನಾಲ್ಕನೆಯ ಮತ್ತು ಎಂಟನೆಯ ಗಂಟೆಗೆ ಕಾರ್ಟಿಸೋಲ್ ನೋಡುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಅದು ಇಳಿದಿರಬೇಕು. ಆದರೆ ಯಾವುದೇ ದೊಡ್ಡ ಕಾಯಿಲೆಯ ಒತ್ತಡದಲ್ಲಿರುವ ನಾಯಿಯಲ್ಲೂ ಅದು ಇಳಿಯದೇ ಇರಬಹುದು, ಹತೋಟಿ ತಪ್ಪಿದ ಮಧುಮೇಹಕ್ಕಿಂತ ದೊಡ್ಡ ಒತ್ತಡ ಇನ್ನೇನಿದೆ? ಅಡ್ರಿನಲ್ಲನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನನ್ನು ಚುಚ್ಚಿ ಕಾರ್ಟಿಸೋಲ್ ಎಷ್ಟು ಏರುತ್ತದೆಂದು ನೋಡುವ ಎಸಿಟಿಎಚ್ ಪರೀಕ್ಷೆ ಇಷ್ಟು ಸುಲಭವಾಗಿ ಸುಳ್ಳು ಆರೋಪ ಹೊರಿಸುವುದಿಲ್ಲ, ಆದರೆ ನಿಜವಾದ ರೋಗಿಯನ್ನೂ ಬಿಟ್ಟುಬಿಡುವುದು ಹೆಚ್ಚು. ಮನೆಯಲ್ಲೇ ಹಿಡಿದ ಮೂತ್ರದಲ್ಲಿ ಕಾರ್ಟಿಸೋಲ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡುವುದು ರೋಗವಿಲ್ಲ ಎಂದು ಹೇಳಲು ಒಳ್ಳೆಯದು, ಇದೆ ಎಂದು ಹೇಳಲು ಸಾಲದು. ಅದಕ್ಕೂ ಆಸ್ಪತ್ರೆಗೆ ಹೋಗಿಬಂದ ಗಾಬರಿ ಇಳಿಯಲು ಒಂದೆರಡು ದಿನ ಬಿಡಬೇಕು. ಸ್ಕ್ಯಾನಿಂಗಿನಲ್ಲಿ ಎರಡೂ ಅಡ್ರಿನಲ್ ಊದಿದ್ದರೆ ಅದು ಬೆಂಬಲದ ಸಾಕ್ಷಿ, ಅಷ್ಟೆ. ದೀರ್ಘ ಕಾಯಿಲೆಯಲ್ಲಿ ಅವು ಸುಮ್ಮನೆಯೂ ಊದುತ್ತವೆ. ಪಶು ಆಂತರಿಕ ವೈದ್ಯಶಾಸ್ತ್ರದ ಅಮೆರಿಕನ್ ಕಾಲೇಜಿನ ತಜ್ಞರು 2013ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆಯಲ್ಲಿಯೂ ಯಾವ ಒಂದು ಪರೀಕ್ಷೆಯೂ ನೂರಕ್ಕೆ ನೂರು ಸರಿಯಲ್ಲ, ಲಕ್ಷಣಗಳಿದ್ದರೆ ಮಾತ್ರ ಪರೀಕ್ಷಿಸಿ, ಬೇರೆ ಗಂಭೀರ ಕಾಯಿಲೆಯಿದ್ದಾಗ ಅದು ತಹಬದಿಗೆ ಬರುವತನಕ ಕಾಯಿರಿ ಎಂದಿದೆ.

ಕಾಯಿರಿ ಎಂಬ ಸಲಹೆ ಸರಿಯೇ. ಆದರೆ ಕುಶಿಂಗ್ ಇರುವತನಕ ಮಧುಮೇಹ ತಹಬದಿಗೆ ಬರುವುದಿಲ್ಲ, ಮಧುಮೇಹ ತಹಬದಿಗೆ ಬರುವತನಕ ಕುಶಿಂಗ್ ಪರೀಕ್ಷಿಸುವಂತಿಲ್ಲ ಎಂಬ ಇಕ್ಕಟ್ಟಿಗೆ ಅದರಲ್ಲಿ ಪೂರ್ತಿ ಉತ್ತರವಿಲ್ಲ. ಕಣ್ಣೂ ಕಾಯುವುದಿಲ್ಲ. ಮಧುಮೇಹ ಪತ್ತೆಯಾದ ಐದಾರು ತಿಂಗಳೊಳಗೆ ಅರ್ಧದಷ್ಟು ನಾಯಿಗಳ ಕಣ್ಣಿಗೆ ಪೊರೆ ಬಂದಿರುತ್ತದೆ. ನನಗೆ ಸರಿಯೆನಿಸುವ ಕ್ರಮ ಹೀಗಿದೆ. ಮೊದಲು ಸೋಂಕು, ಬೆದೆ, ಔಷಧಿ ಇವನ್ನು ಸರಿಪಡಿಸಿ, ಕೆಲವು ವಾರ ಇನ್ಸುಲಿನ್ ಕೊಟ್ಟು, ಕೀಟೋನುಗಳು ಮಾಯವಾಗಿ ನಾಯಿ ತಿಂದುಂಡು ಓಡಾಡುವ ಮಟ್ಟಕ್ಕೆ ಬರಲಿ. ಸಕ್ಕರೆ ಚೊಕ್ಕಟವಾಗಬೇಕೆಂದು ಕಾಯಬೇಕಿಲ್ಲ. ಆಮೇಲೂ ಡೋಸು ಏರುತ್ತಲೇ ಇದ್ದರೆ, ಜೊತೆಗೆ ಚರ್ಮದ ಲಕ್ಷಣಗಳೂ ಇದ್ದರೆ, ಆಗ ಪರೀಕ್ಷೆ ಮಾಡಿಸಿದ್ದಕ್ಕೆ ಅರ್ಥವಿದೆ. ಚರ್ಮ ನೆಟ್ಟಗಿದ್ದು, ಹೊಟ್ಟೆ ನೆಟ್ಟಗಿದ್ದು, ರಿಪೋರ್ಟು ಮಾತ್ರ ಕುಶಿಂಗ್ ಎಂದರೆ ನಾನು ರಿಪೋರ್ಟನ್ನು ನಂಬುವುದಿಲ್ಲ; ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಬೇಕೆನ್ನುತ್ತೇನೆ.

ಚಿಕಿತ್ಸೆ ಶುರುವಾದ ದಿನದಿಂದ ಉಸ್ಸಾಯ್ ಮತ್ತೆ ಹಾಜರಾಗುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಟ್ರೈಲೋಸ್ಟೇನ್ ಅಡ್ರಿನಲ್ಲಿನಲ್ಲಿ ಕಾರ್ಟಿಸೋಲ್ ತಯಾರಾಗುವ ಒಂದು ಹಂತವನ್ನು ತಡೆಯುತ್ತದೆ. ಅಮೆರಿಕದ ಎಫ್‌ಡಿಎ ಇದನ್ನು ನಾಯಿಗಳಿಗೆ ಒಪ್ಪಿದ್ದು 2008ರಲ್ಲಿ. ಮಧುಮೇಹವೂ ಇರುವ ನಾಯಿಗೆ ದಿನಕ್ಕೆ ಎರಡು ಸಲ, ಕಡಿಮೆ ಡೋಸಿನಲ್ಲಿ, ಇನ್ಸುಲಿನ್ ಹೊತ್ತಿಗೇ ಊಟದ ಜೊತೆ ಕೊಡುವುದು ಮೇಲು. ಇಲ್ಲವಾದರೆ ದಿನದ ಅರ್ಧ ಕಾರ್ಟಿಸೋಲ್ ಕಡಿಮೆ, ಇನ್ನರ್ಧ ಹೆಚ್ಚು ಎಂದಾಗಿ ಇನ್ಸುಲಿನ್ನಿನ ಲೆಕ್ಕ ತಪ್ಪುತ್ತದೆ. ಅಪಾಯ ಇರುವುದು ಕಾರ್ಟಿಸೋಲ್ ಇಳಿದ ಮೇಲೂ ಮೊದಲಿನ ದೊಡ್ಡ ಡೋಸಿನ ಇನ್ಸುಲಿನ್ ಮುಂದುವರಿದಾಗ. ಎದುರಾಳಿಯಿಲ್ಲದ ಇನ್ಸುಲಿನ್ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತದೆ. ಪಿಟ್ಯುಟರಿ ತೆಗೆದ ನಾಯಿಗಳು ಸ್ವಲ್ಪ ಇನ್ಸುಲಿನ್ನಿಗೂ ಕುಸಿದುಬೀಳುತ್ತಿದ್ದುದನ್ನು ಉಸ್ಸಾಯ್ ಆಗಲೇ ಕಂಡಿದ್ದರು. ಆದ್ದರಿಂದ ಟ್ರೈಲೋಸ್ಟೇನ್ ಶುರುಮಾಡುವಾಗ ಮನೆಯಲ್ಲೇ ಗ್ಲುಕೋಮೀಟರಿನಲ್ಲಿ ಪದೇಪದೇ ನೋಡುವ ವ್ಯವಸ್ಥೆಯಿರಬೇಕು, ಹತ್ತು ಹದಿನಾಲ್ಕು ದಿನದೊಳಗೆ ಎಸಿಟಿಎಚ್ ಪರೀಕ್ಷೆ ಆಗಬೇಕು. ನಾಯಿ ಊಟ ಬಿಟ್ಟಿತು, ವಾಂತಿ ಮಾಡಿತು, ಸೊರಗಿ ಮೂಲೆ ಸೇರಿತು ಎಂದರೆ ಟ್ರೈಲೋಸ್ಟೇನ್ ನಿಲ್ಲಿಸಿ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಊಟ ಬಿಟ್ಟ ಹೊತ್ತಿನ ಪೂರ್ತಿ ಇನ್ಸುಲಿನ್ ಚುಚ್ಚುವಂತಿಲ್ಲ. ಅಡ್ರಿನಲ್ ಗೆಡ್ಡೆಯನ್ನು ಆಪರೇಷನ್ ಮಾಡಿ ತೆಗೆದ ನಾಯಿಯಲ್ಲಿ ಈ ಇಳಿತ ಇನ್ನೂ ಹಠಾತ್ತಾಗಿರುತ್ತದೆ, ಏಕೆಂದರೆ ಉಳಿದ ಇನ್ನೊಂದು ಗ್ರಂಥಿ ಸೊರಗಿ ನಿದ್ದೆಹೋಗಿರುತ್ತದೆ.

ಹಾಗೆಂದು ಕುಶಿಂಗ್ ಚಿಕಿತ್ಸೆ ಮಾಡಿದೊಡನೆ ಇನ್ಸುಲಿನ್ ಅರ್ಧಕ್ಕಿಳಿಯುತ್ತದೆ ಎಂದು ಮನೆಯವರಿಗೆ ಮಾತು ಕೊಡುವುದೂ ತಪ್ಪು. ಟ್ರೈಲೋಸ್ಟೇನ್ ಪಡೆದ ಎಂಟು ಮಧುಮೇಹಿ ಕುಶಿಂಗ್ ನಾಯಿಗಳನ್ನು ಕುರಿತ ಒಂದು ಅಧ್ಯಯನವನ್ನು ಬ್ರಿಟನ್ನಿನ ಮೆಕ್‌ಲಾಕ್ಲನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಅದರಲ್ಲಿ ಎಲ್ಲ ನಾಯಿಗಳ ಇನ್ಸುಲಿನ್ ಅಗತ್ಯವೂ ಒಂದೇ ತೆರನಾಗಿ ಇಳಿಯಲಿಲ್ಲ. ಎಂಟೇ ನಾಯಿಗಳ ಮೇಲಿನ ಮಾತನ್ನು ನಿಯಮವೆನ್ನಲಾಗದು. ಆದರೂ ಪ್ರಯೋಗಾಲಯದ ನಾಯಿಗೂ ಮನೆಯ ನಾಯಿಗೂ ಇರುವ ಅಂತರವನ್ನು ಇದು ತೋರಿಸುತ್ತದೆ. ಉಸ್ಸಾಯ್ ಪಿಟ್ಯುಟರಿಯನ್ನೇ ತೆಗೆದಿದ್ದರು, ಅಂದರೆ ಕಾರ್ಟಿಸೋಲಿನ ಜೊತೆ ಬೆಳವಣಿಗೆಯ ಹಾರ್ಮೋನೂ ಹೋಗಿತ್ತು. ಟ್ರೈಲೋಸ್ಟೇನ್ ಕಾರ್ಟಿಸೋಲನ್ನು ಇಳಿಸುತ್ತದೆ, ಅದೂ ದಿನದ ಕೆಲವು ಗಂಟೆ.

ಥೈರಾಯ್ಡ್ ಕೊರತೆಯ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಇದೂ ನಾಯಿಗಳಲ್ಲಿ ಇನ್ಸುಲಿನ್ನಿಗೆ ಅಡ್ಡಿ ಮಾಡುತ್ತದೆ, ಲಿವೋಥೈರಾಕ್ಸಿನ್ ಕೊಟ್ಟ ಮೇಲೆ ಡೋಸು ಇಳಿಸಬೇಕಾಗಿ ಬರಬಹುದು. ಎರಡು ತೊಡಕುಗಳಿವೆ. ಮಧುಮೇಹ, ಕುಶಿಂಗ್ ಎರಡರಲ್ಲೂ ಥೈರಾಯ್ಡ್ ಚೆನ್ನಾಗಿದ್ದರೂ ಅದರ ಹಾರ್ಮೋನಾದ ಟಿ4 ರಕ್ತದಲ್ಲಿ ಇಳಿದು ಕಾಣುತ್ತದೆ. ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನನ್ನೂ ಜೊತೆಗಿಟ್ಟು ನೋಡದೆ ಮಾತ್ರೆ ಶುರುಮಾಡಬಾರದು. ಇನ್ನೊಂದು, ಈಚಿನ ಎರಡು ಮೂರು ವಾರಗಳ ಸಕ್ಕರೆಯ ಲೆಕ್ಕ ಹೇಳುವ ಫ್ರಕ್ಟೋಸಮಿನ್ ಪರೀಕ್ಷೆ ಥೈರಾಯ್ಡ್ ಕೊರತೆಯಲ್ಲಿ ಹುಸಿಯಾಗಿ ಏರುತ್ತದೆ. ರಕ್ತದ ಪ್ರೋಟೀನುಗಳು ನಿಧಾನವಾಗಿ ಸವೆಯುವುದರಿಂದ ಅವಕ್ಕೆ ಅಂಟಿದ ಸಕ್ಕರೆಯೂ ಉಳಿಯುತ್ತದೆ. ಅದನ್ನು ಕಂಡು ಇನ್ಸುಲಿನ್ ಏರಿಸಿದರೆ ನಾಯಿ ಸಕ್ಕರೆ ಇಳಿದು ಬೀಳುತ್ತದೆ.

ಕೊನೆಯದಾಗಿ ಕೈಯಾರೆ ಬರಿಸಿಕೊಂಡ ಕುಶಿಂಗ್. ತುರಿಕೆಗೆಂದು ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್, ಕಿವಿಗೆ ಬಿಡುವ ಸ್ಟೆರಾಯ್ಡ್ ಬೆರೆತ ಹನಿ, ಮನೆಯವರದೇ ಕ್ಲೋಬೆಟಸಾಲ್ ಕ್ರೀಮನ್ನು ಹಚ್ಚಿ ನಾಯಿ ನೆಕ್ಕಿದ್ದು, ಎಲ್ಲವೂ ಇನ್ಸುಲಿನ್ನಿಗೆ ಎದುರು ನಿಲ್ಲುತ್ತವೆ. ಹೊರಗಿನಿಂದ ನೋಡಿದರೆ ಚರ್ಮ, ಹೊಟ್ಟೆ, ಬಾಯಾರಿಕೆ ಎಲ್ಲ ನಿಜವಾದ ಕುಶಿಂಗ್‌ನಂತೆಯೇ. ಆದರೆ ಒಳಗೆ ನಾಯಿಯ ಸ್ವಂತ ಅಡ್ರಿನಲ್ ಮುದುಡಿರುತ್ತದೆ. ಎಸಿಟಿಎಚ್ ಚುಚ್ಚಿದರೆ ಕಾರ್ಟಿಸೋಲ್ ಏಳುವುದೇ ಇಲ್ಲ. ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ಇದೊಂದೇ. ಅದನ್ನು ಮಾಡಿಸದೆ ಟ್ರೈಲೋಸ್ಟೇನ್ ಕೊಟ್ಟರೆ ಇಲ್ಲದ ಹಾರ್ಮೋನನ್ನು ಇನ್ನೂ ಅಡಗಿಸಿದಂತಾಗುತ್ತದೆ. ಆದ್ದರಿಂದ ಮಧುಮೇಹಿ ನಾಯಿಯ ಮೊದಲ ದಿನದ ಕೇಸ್ ಶೀಟಿನಲ್ಲಿ ಹೆಣ್ಣಾದರೆ ಕೊನೆಯ ಬೆದೆಯ ತಾರೀಖು ಬರೆಯಲು ಒಂದು ಸಾಲಿರಲಿ, ಕಳೆದ ಆರು ತಿಂಗಳಲ್ಲಿ ಹಾಕಿದ ಎಲ್ಲ ಚುಚ್ಚುಮದ್ದು, ಕಿವಿಹನಿ, ಮುಲಾಮುಗಳಿಗೆ ಇನ್ನೊಂದು ಸಾಲಿರಲಿ. ಖಾಲಿ ಟ್ಯೂಬು, ಬಾಟಲಿಗಳನ್ನು ಮನೆಯಿಂದ ತರಿಸಿ, ಮೇಲಿನ ಚೀಟಿ ಓದಿಯೇ ಆ ಸಾಲನ್ನು ತುಂಬಬೇಕು.